ನಲವತ್ತು ಪ್ರಶ್ನೆಗೆ ಹೊನ್ನಪ್ಪನ ಉತ್ತರ

ಶ್ರೀರಂಗಪಟ್ಟಣದ ತಾಲ್ಲೂಕು ಕಚೇರಿ ಎದುರು ಮೂವತ್ತೊಂದು ವರ್ಷದಿಂದ ಅರ್ಜಿ ಬರೆಯುತ್ತಿದ್ದೇನೆ. ಸತ್ತವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವ ಪೌತಿ ಖಾತೆಯಿರಲಿ, ವಿಧವಾ ವೇತನವಿರಲಿ, ಕಾಗದದ ಮೇಲೆ ಚುಕ್ಕಿಗೆರೆ ಕಂಡರೆ ಸಾಕು, ಜನ ಅದನ್ನು ಹೊನ್ನಪ್ಪನ ಮೇಜಿಗೆ ತರುತ್ತಾರೆ. ಓದು ಬಾರದವರಿಗಿಂತ ಡಿಗ್ರಿ ಮಾಡಿದವರೇ ಹೆಚ್ಚು. ಒಂದು ಟಿಕ್ಕು ತಪ್ಪಿದರೆ ಜನ್ಮವೇ ಹಾಳಾಯಿತೆಂದು ನಡುಗುವ ಪುಕ್ಕಲರು ಅವರೇ.

ಹಾಗಾಗಿ ಹೋದ ಆಷಾಢದಲ್ಲಿ ಚಿನಕುರಳಿಯ ಪ್ರಮೀಳಾ ‘ವ್ಯಕ್ತಿತ್ವ ಪ್ರಶ್ನಾವಳಿ’ ಎಂಬ ನಾಲ್ಕು ಪುಟ ತಂದು ಮುಂದಿಟ್ಟಾಗ ನನಗೆ ಆಶ್ಚರ್ಯವಾಗಲಿಲ್ಲ. ನಗು ಬಂತು, ಅಷ್ಟೇ.

ಅವಳು ತಿಮ್ಮರಾಜು ಎಂಬುವವರ ಖಾಸಗಿ ಡೈರಿಯ ಪಾಂಡವಪುರ ಕೇಂದ್ರದಲ್ಲಿ ಒಂಬತ್ತು ವರ್ಷದಿಂದ ಹಾಲು ಪರೀಕ್ಷೆ ಮಾಡುವವಳು. ಕ್ಯಾನಿನ ಮುಚ್ಚಳ ತೆಗೆ, ಮೂಸು, ಫ್ಯಾಟು ನೋಡು, ಬರೆ. ಬೆಳಿಗ್ಗೆಯೂ ಅದೇ, ಸಂಜೆಯೂ ಅದೇ. ಆ ಡೈರಿಯಲ್ಲಿ ಕೆಲಸಗಾರರು ಬೇಸತ್ತು ಒಬ್ಬೊಬ್ಬರಾಗಿ ಬಿಟ್ಟು ಹೋಗುತ್ತಿದ್ದರು. ತಿಮ್ಮರಾಜು ಅದಕ್ಕೆ ಕಂಡುಕೊಂಡ ಮದ್ದು ಮೈಸೂರಿನ ಕೋಚ್ ಸಿದ್ಧಾರ್ಥ. ಕೋಚ್ ಅಂದರೆ ಕಬಡ್ಡಿ ಕಲಿಸುವವನಲ್ಲ, ನೀನು ಎಂಥವನು ಎಂದು ನಿನಗೇ ಹೇಳುವವನು. ನಮ್ಮ ಕಡೆ ಈ ಕೆಲಸವನ್ನು ಅತ್ತೆಯಂದಿರು ಬಿಟ್ಟಿಯಾಗಿಯೇ ಮಾಡಿಕೊಂಡು ಬಂದಿದ್ದಾರೆ.

ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ, ಮೂರು ಕೇಂದ್ರದವರೂ ಫಾರಂ ತುಂಬಿ ಕೊಡಬೇಕು. ಯಾರ ಸ್ವಭಾವಕ್ಕೆ ಯಾವ ಕೆಲಸ ಒಗ್ಗುತ್ತದೆ ಎಂದು ಕೋಚ್ ಹೇಳುತ್ತಾನೆ, ತಿಮ್ಮರಾಜು ಹಾಗೇ ಮಾಡುತ್ತಾರೆ. ರೂಟ್ ಸೂಪರ್‌ವೈಸರ್ ಜಾಗ ಒಂದು ಖಾಲಿಯಿತ್ತು. ಹಳ್ಳಿ ಹಳ್ಳಿ ಸುತ್ತಿ ಹಾಲು ಹಾಕುವವರ ಕಷ್ಟಸುಖ ಕೇಳುವ ಕೆಲಸ. ಪ್ರಮೀಳಾಗೆ ಅದೇ ಬೇಕಿತ್ತು.

“ನಂಗೆ ಆ ಹಾಲಿನ ವಾಸ್ನೆ ಸಾಕಾಗೋಗದೆ ಕಣಣ್ಣ. ಗಾಡಿ ಓಡ್ಸಕ್ ಬತ್ತದೆ, ಬಾಯಿ ಅದೆ. ಊರೂರು ತಿರುಗ್ತೀನಿ. ನೆಟ್ಟಗೆ ತುಂಬ್ಕೊಡು,” ಅಂದಳು.

ಮೊದಲ ಪ್ರಶ್ನೆ ಓದಿದೆ. ಮೇಲಧಿಕಾರಿಗಳ ಜೊತೆ ವಾದ ಮಾಡುತ್ತೀರಾ?

“ಮಾಡ್ತೀನಿ. ಓದ್ ತಿಂಗ್ಳು ನೀರಾಕಿದ್ ಹಾಲ ತಕ್ಕೊ ಅಂದ ಮ್ಯಾನೇಜರು. ಅವನ್ ಎದುರ್ಗೇ ಚರಂಡಿಗೆ ಸುರುದ್ಬುಟ್ಟೆ.”

ಈಗಿನ ಕೆಲಸದಲ್ಲಿ ತೃಪ್ತಿ ಇದೆಯೇ?

“ಇಲ್ಲ.”

ನಾನು ಪೆನ್ನಿನ ಮುಚ್ಚಳ ಹಾಕಿದೆ. “ಅಲ್ಲ ಕಣವ್ವ, ಇಂಗೆ ಬರುದ್ರೆ ರೂಟ್ಗಲ್ಲ, ಸೀದಾ ಮನ್ಗೆ ಕಳುಸ್ತರೆ. ಯಾವ ಆಪೀಸ್ನೋರೂ ನಿಜ ಕೇಳಕ್ಕೆ ಫಾರಂ ಮಾಡಕಿಲ್ಲ. ಅವ್ರಿಗೇನು ಬೇಕೋ ಅದ ಬರೀಬೇಕು.”

“ಮನ್ಸಲ್ಲಿರೋದ್ನೇ ಬರೀರಿ ಅಂತ ಮೇಲ್ಗಡೆ ಅಚ್ಚಾಕವ್ರಲ್ಲಣ್ಣ?”

“ಎಲ್ಲಾ ಫಾರಮ್ಮಲ್ಲೂ ಅಂಗೇ ಅಚ್ಚಾಕಿರ್ತರೆ.”

ವಾದ ಮಾಡುವುದಿಲ್ಲ. ತೃಪ್ತಿ ಇದೆ. ಇರುವ ಜಾಗದಲ್ಲೇ ಇರಲು ಇಷ್ಟ. ಹಿರಿಯರು ಹೇಳಿದಂತೆ ನಡೆಯುತ್ತೇನೆ. ನಲವತ್ತಕ್ಕೂ ಹತ್ತೇ ನಿಮಿಷ. ಸಹಿ ಮಾಡುವ ಮೊದಲು ಅವಳು ಪುಟಗಳನ್ನು ತಿರುವಿ ತಿರುವಿ ನೋಡಿದಳು. ನಾನು ಬೇಕೆಂದೇ ಗಡಿಯಾರ ನೋಡಿಕೊಂಡೆ. ಸಹಿ ಮಾಡಿದಳು.

ಸುದ್ದಿ ಹಬ್ಬಿತು. ಆ ವಾರದಲ್ಲಿ ಇನ್ನೂ ಇಪ್ಪತ್ತೆರಡು ಜನ ಅದೇ ಫಾರಂ ಹಿಡಿದು ಬಂದರು. ಮೂರನೆಯವನ ಹೊತ್ತಿಗೆ ಪ್ರಶ್ನೆ ಓದುವುದನ್ನೂ ಬಿಟ್ಟೆ, ಬೆರಳಿಗೆ ಟಿಕ್ಕಿನ ಜಾಗ ಬಾಯಿಪಾಠವಾಗಿತ್ತು. ನಾಗಮಂಗಲದ ಒಬ್ಬ ಡ್ರೈವರು ಬರುವ ದಾರಿಯಲ್ಲೇ ಬಸ್ಸಿನಲ್ಲಿ ಕಂಡಕ್ಟರ್ ಜೊತೆ ಹೊಡೆದಾಡಿ ಅಂಗಿಯ ಗುಂಡಿ ಕಿತ್ತುಕೊಂಡು ಬಂದಿದ್ದ. ಅವನಿಗೂ ಶಾಂತ ಸ್ವಭಾವ ಎಂದು ಹಾಕಿದೆ.

ಫಲಿತಾಂಶ ಹೇಳುವ ಸಭೆ ಕಿರಂಗೂರಿನ ಹತ್ತಿರದ ಒಂದು ಕಲ್ಯಾಣಮಂಟಪದಲ್ಲಿ. “ಬಾರಣ್ಣ, ನಿನ್ ಕೈಗುಣ ನೀನೇ ನೋಡ್ಬುಡು,” ಎಂದು ಪ್ರಮೀಳಾಳೇ ಕರೆದಳು. ಹೋಗಿ ಕೊನೆಯ ಸಾಲಿನಲ್ಲಿ ಕೂತೆ. ಬಿಟ್ಟಿ ಊಟ, ಬಿಟ್ಟಿ ತಮಾಷೆ.

ಸಿದ್ಧಾರ್ಥ ಕೆನ್ನೆಗೆ ಮೈಕು ಅಂಟಿಸಿಕೊಂಡು ವೇದಿಕೆಯ ಈ ತುದಿಯಿಂದ ಆ ತುದಿಗೆ ಓಡಾಡುತ್ತಿದ್ದ. ಒಂದು ಕಡೆ ನಿಂತು ಮಾತಾಡಿದರೆ ಅವನ ಜ್ಞಾನ ಸೋರಿ ಹೋಗುತ್ತದೋ ಏನೋ. ಮನುಷ್ಯರಲ್ಲಿ ನಾಲ್ಕೇ ಬಗೆಯಂತೆ, ಬೆಂಕಿ, ಗಾಳಿ, ನೀರು, ಮಣ್ಣು. ಹೊಸದಾಗಿ ಕಂಡುಹಿಡಿದವನ ಹಾಗೆ ಪರದೆಯ ಮೇಲೆ ಬಣ್ಣ ಬಣ್ಣದ ಚಕ್ರ ಬೇರೆ.

“ಇಪ್ಪತ್ತಾರು ಜನರಲ್ಲಿ ಇಪ್ಪತ್ತಮೂರು ಜನ ಮಣ್ಣು!” ಎಂದು ಕೂಗಿದ. “ನನ್ನ ಹದಿನೈದು ವರ್ಷದ ಅನುಭವದಲ್ಲಿ ಇಂಥದ್ದು ಕಂಡಿಲ್ಲ. ಈ ತೃಪ್ತಿ, ಈ ತಾಳ್ಮೆ, ಇದು ಕಾವೇರಿ ತೀರದ ಸಂಸ್ಕೃತಿ!”

ತಿಮ್ಮರಾಜು ಚಪ್ಪಾಳೆ ತಟ್ಟಿದರು. ನಾನು ಟವೆಲನ್ನು ಬಾಯಿಗೆ ತುರುಕಿಕೊಂಡು ನಕ್ಕೆ. ಅಷ್ಟು ಓದಿದ ಮನುಷ್ಯ ನನ್ನ ಟಿಕ್ಕುಗಳಿಗೆ ಬೆರಗಾಗಿ ನಿಂತಿದ್ದ. ಹೆಮ್ಮೆಯೂ ಆಯಿತು, ಸುಳ್ಳು ಯಾಕೆ ಹೇಳಲಿ.

ಆಮೇಲೆ ಕೆಲಸ ಹಂಚಿದರು. ರೂಟ್ ಸೂಪರ್‌ವೈಸರ್ ಜಾಗ ಕೆ.ಆರ್. ಪೇಟೆಯ ಮಂಜುನಾಥನಿಗೆ ಹೋಯಿತು. ಆ ಸೋಮಾರಿ ನನ್ನ ಹತ್ತಿರ ಬರುವುದಕ್ಕೂ ಬೇಜಾರಾಗಿ ಅರ್ಧ ಫಾರಂ ಖಾಲಿ ಬಿಟ್ಟಿದ್ದ. ಯಾವ ಚೌಕಟ್ಟಿಗೂ ಸಿಕ್ಕದ ಗಾಳಿ ಎಂದು ಕೋಚ್ ಅವನನ್ನು ಹೊಗಳಿದ. ನಂತರ ಪ್ರಮೀಳಾಳನ್ನು ವೇದಿಕೆಗೆ ಕರೆದು ಶಾಲು ಹೊದಿಸಿದ. “ಅಪ್ಪಟ ಮಣ್ಣು. ನಲವತ್ತಕ್ಕೆ ನಲವತ್ತು. ಇವರನ್ನು ಆ ಪರೀಕ್ಷೆಯ ಮೇಜಿನಿಂದ ಯಾವತ್ತೂ ಕದಲಿಸಬೇಡಿ.”

“ಸಾರ್, ಅವು ನನ್ ಉತ್ರ ಅಲ್ಲ,” ಅಂದಳು ಪ್ರಮೀಳಾ. “ನಂಗೆ ಆ ಕೆಲ್ಸ ಬ್ಯಾಡ.”

“ನೋಡಿದಿರಾ? ಮಣ್ಣಿನವರು ಹೊಗಳಿಕೆಗೆ ಹೀಗೇ ನಾಚಿಕೊಳ್ಳುತ್ತಾರೆ.”

ತಿಮ್ಮರಾಜು ಫಾರಂ ಎತ್ತಿ ಹಿಡಿದರು. “ಸಹಿ ನಿಂದೇ ತಾನೆ?”

ಸಭೆ ನಕ್ಕಿತು. ಅವಳು ಮಾತ್ರ ಕೊನೆಯ ಸಾಲಿನತ್ತ, ನನ್ನನ್ನೇ ನೋಡಿದಳು. ನಾನು ಎದ್ದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಿದರೆ ನಾಳೆ ನನ್ನ ಮೇಜಿಗೆ ಯಾರು ಬರುತ್ತಾರೆ? ಟವೆಲಿನಿಂದ ಮುಖ ಒರೆಸಿಕೊಂಡು ಎಲೆ ಹಾಕುವ ಕಡೆ ನಡೆದೆ. ಪಾಯಸವನ್ನು ಎರಡು ಸಲ ಹಾಕಿಸಿಕೊಂಡೆ. ಮೈಸೂರಿನವನನ್ನು ಅಷ್ಟು ಆಡಿಕೊಂಡೆನಲ್ಲ, ಅವತ್ತು ಆ ಮಂಟಪದಲ್ಲಿ ನನ್ನಷ್ಟು ಹೇಡಿ ಇನ್ನೊಬ್ಬನಿರಲಿಲ್ಲ.

ಸೋಮವಾರ ಕಚೇರಿ ತೆರೆಯುವ ಹೊತ್ತಿಗೆ ಪ್ರಮೀಳಾ ಬಂದು ಮೇಜಿನ ಮುಂದೆ ನಿಂತಳು. ಬೈಯಲಿ ಎಂದು ಕಾದೆ. ಬೈಯಲಿಲ್ಲ.

“ಕೂತ್ಕೊ,” ಅಂದೆ. “ತಿಮ್ಮರಾಜುಗೆ ಒಂದು ಅರ್ಜಿ ಬರ್ಕೊಡ್ತೀನಿ. ತಪ್ಪು ನಂದು, ನಾನೇ ಟಿಕ್ ಆಕಿದ್ದು ಅಂತ್ಲೂ ಬರೀತೀನಿ.” ಹಾಳೆ ಎಳೆದುಕೊಂಡು ‘ಮಾನ್ಯರೇ’ ಎಂದು ಶುರು ಮಾಡಿಯೇಬಿಟ್ಟೆ.

ಅವಳು ಹಾಳೆಯ ಮೇಲೆ ಕೈಯಿಟ್ಟಳು.

“ಏನ್ ಓದ್ತೀಯಾ ಅಂತ ನಮ್ಮಪ್ಪ ಕೇಳ್ನಿಲ್ಲ. ಮದ್ವೆ ಮಾಡ್ವಾಗ ಯಾರೂ ಕೇಳ್ನಿಲ್ಲ. ಡೈರಿಗೆ ಸೇರುಸ್ವಾಗ್ಲೂ ಕೇಳ್ನಿಲ್ಲ. ಆ ಮೈಸೂರೋನು ತಿಕ್ಲೋ ಏನೋ ಕಣಣ್ಣ, ನಿಂಗೇನು ಬೇಕು ಅಂತ ನಲವತ್ ಸಲ ಕೇಳಿದ್ದ. ಅದ್ಕೂ ಉತ್ರ ನೀನೇ ಏಳ್ಬುಟ್ಟೆ.”

ಅವಳ ಕೈಯ ಕೆಳಗಿನಿಂದ ಆ ‘ಮಾನ್ಯರೇ’ ಹಾಳೆಯನ್ನು ಎಳೆದು ಮಡಚಿದೆ.

“ಬೇರೆ ಆಳೆ ಕೊಡು. ರೂಟ್ಗೆ ಆಕಿ, ಇಲ್ಲಾಂದ್ರೆ ಕೆಲ್ಸ ಬುಡ್ತೀನಿ ಅಂತ ನಾನೇ ಬರ್ಕತೀನಿ.”

ಕೊಟ್ಟೆ. ನನ್ನ ಪೆನ್ನನ್ನೂ ಕೊಟ್ಟೆ. ಅವಳು ನಿಂತೇ ಬಾಗಿ, ಒಂದೊಂದು ಅಕ್ಷರವನ್ನೂ ಒತ್ತಿ ಒತ್ತಿ ಬರೆದಳು. ಅವಳ ಹಿಂದೆ ನಾಲ್ಕೈದು ಜನ ಫಾರಂ ಹಿಡಿದು ಸಾಲು ನಿಂತರು. ಅಭ್ಯಾಸ ಬಲ, ಏನು ಬರೆಯುತ್ತಿದ್ದಾಳೆಂದು ಕತ್ತು ಚಾಚಿ ಇಣುಕಿದೆ. ಅವಳು ತಲೆಯೆತ್ತದೆ ಎಡಗೈಯಿಂದ ಹಾಳೆಯನ್ನು ಮರೆಮಾಡಿಕೊಂಡಳು.