ಕ್ಯಾಮೆರಾಕ್ಕೆ ಬಳಿದ ವಿಭೂತಿ

ಮಗನನ್ನು ಮನೆಗೆ ಕರೆದೊಯ್ಯಲೆಂದು ಮೊಳಕಾಲ್ಮೂರಿನಿಂದ ಮೊದಲ ಬಸ್ಸು ಹತ್ತಿ ಬಂದ ಯರ್ರಮ್ಮನಿಗೆ ಚಳ್ಳಕೆರೆಯ ಆ ಠಾಣೆಯಲ್ಲಿ ಸಿಕ್ಕ ಮರ್ಯಾದೆ ಏನು ಕೇಳುತ್ತೀರಿ! ಕೂರಲು ಕುರ್ಚಿ ಕೊಟ್ಟರು, ಕುಡಿಯಲು ನೀರು ಕೊಟ್ಟರು. ಮಗನನ್ನು ಮಾತ್ರ ಕೊಡಲಿಲ್ಲ.

ಮುರುಗೇಂದ್ರಪ್ಪನವರ ಎಣ್ಣೆ ಮಿಲ್ಲಿನಲ್ಲಿ ಮೋಟರು ಕಳುವಾಗಿತ್ತು. ಅಲ್ಲಿ ಶೇಂಗಾ ಮೂಟೆ ಹೊರುತ್ತಿದ್ದ ಅವಳ ಮಗ ಅಂಜನ್‌ನನ್ನು ಎರಡು ಮಾತು ಕೇಳಬೇಕೆಂದು ನಿನ್ನೆ ಕರೆತಂದಿದ್ದರು. ಆ ಎರಡು ಮಾತು ಇನ್ನೂ ಮುಗಿದಿರಲಿಲ್ಲ.

"ವಕೀಲರನ್ನ ಕರ್ಕೊಂಬರ್ಲೇನಣ್ಣಾ?" ಎಂದು ಹೆಡ್ ಕಾನ್‌ಸ್ಟೇಬಲ್ ಹಾಲೇಶಪ್ಪನನ್ನು ಕೇಳಿದಳು.

"ವಕೀಲರು ಬರ್ಬೇಕಂದ್ರೆ ಅರೆಸ್ಟ್ ಆಗಿರ್ಬೇಕವ್ವಾ. ನಿನ್ ಮಗನ್ನ ಅರೆಸ್ಟೇ ಮಾಡಿಲ್ಲ."

"ಹಂಗಾದ್ರೆ ಮನೆಗೆ ಕರ್ಕೊಂಡೋಗ್ತೀನಿ."

"ಅದೆಂಗಾಗ್ತೈತೆ? ಬಿಡ್ಬೇಕಂದ್ರೂ ಮೊದ್ಲು ಅರೆಸ್ಟ್ ಆಗಿರ್ಬೇಕಲ್ಲ! ಹೆದರ್ಬ್ಯಾಡ, ಒಳಗೆ ಕ್ಯಾಮೆರಾ ಐತೆ. ಮುರುಗೇಂದ್ರಪ್ಪೋರೇ ದಾನ ಕೊಟ್ಟಿದ್ದು."

ಗೋಡೆಯ ಮೇಲೆ ದಾನಿಯ ಹೆಸರು ದಪ್ಪಕ್ಷರದಲ್ಲಿತ್ತು. ದೂರು ಕೊಟ್ಟವರೂ ಅವರೇ, ಕ್ಯಾಮೆರಾ ಕೊಟ್ಟವರೂ ಅವರೇ. ಪುಣ್ಯಾತ್ಮರು!

ಮೇಜಿನ ಮೇಲಿನ ಟಿ.ವಿ.ಯಲ್ಲಿ ಗೇಟು ಕಾಣುತ್ತಿತ್ತು, ಜೀಪು ಕಾಣುತ್ತಿತ್ತು. ವಿಚಾರಣೆಯ ಕೋಣೆ ಮಾತ್ರ ಸುಣ್ಣ ಬಳಿದಂತೆ ಬೆಳ್ಳಗಿತ್ತು. ಅಷ್ಟರಲ್ಲಿ ಒಳಗಿನಿಂದ "ಅವ್ವಾ" ಎಂಬ ಕೂಗು ಬಂತು. ಯರ್ರಮ್ಮ ದಡಕ್ಕನೆ ಎದ್ದು ಟಿ.ವಿ.ಯತ್ತ ಬಾಗಿದಳು.

"ಇದ್ಯಾಕಣ್ಣಾ ಬೆಳ್ಳಗೈತೆ?"

"ಆಯುಧಪೂಜೆ ದಿನ ಬಂದೂಕು, ಜೀಪಿನ ಜತೆ ಆ ಕ್ಯಾಮೆರಾಕ್ಕೂ ನಾನೇ ವಿಭೂತಿ ಬಳಿದೆ" ಎಂದು ಹಾಲೇಶಪ್ಪ ಹೆಮ್ಮೆಪಟ್ಟ. ಅದನ್ನು ಒರೆಸಲು ಸಬ್ ಇನ್ಸ್‌ಪೆಕ್ಟರ್ ಶಶಿಕಾಂತರಿಗೆ ಮನಸ್ಸು ಬಂದಿರಲಿಲ್ಲ. ಅಷ್ಟು ದೈವಭಕ್ತರು ಅವರು.

ಯರ್ರಮ್ಮ ಗಲ್ಲ ಗಲ್ಲ ಬಡಿದುಕೊಂಡಳು. "ಅಯ್ಯೋ ಶಿವನೇ! ಹಬ್ಬ ಮುಗ್ದು ತಿಂಗ್ಳಾತು. ಹಳೇ ಪೂಜೆ ಹಂಗೇ ಬಿಡ್ತಾರೇನಣ್ಣಾ? ಮನೇಲಿ ಎಲ್ಲಾ ಸುಸೂತ್ರ ಐತಾ?"

ಹಾಲೇಶಪ್ಪನಿಗೆ ನಿಂತುಹೋಗಿದ್ದ ಪ್ರಮೋಷನ್ನು ನೆನಪಾಯಿತು, ಮುಂದೆ ಹೋಗುತ್ತಲೇ ಇದ್ದ ಮಗಳ ಮದುವೆ ನೆನಪಾಯಿತು. ಒದ್ದೆ ಬಟ್ಟೆ, ಸ್ಟೂಲು ಹಿಡಿದು ಒಳಗೆ ಓಡಿದ. "ದೇವ್ರ ಕೆಲ್ಸ ಸಾರ್, ಒಂದ್ನಿಮಿಷ" ಎಂದದ್ದು ಹೊರಗೂ ಕೇಳಿಸಿತು. ಯರ್ರಮ್ಮ ಟಿ.ವಿ.ಯಿಂದ ಕಣ್ಣು ಕೀಳಲಿಲ್ಲ. ಬಿಳುಪು ಸರಿದು, ಟೋಪಿ ತೆಗೆದು ಭಕ್ತಿಯಿಂದ ನಿಂತಿದ್ದ ಶಶಿಕಾಂತರು ಕಂಡರು. ಅವರ ಕಾಲ ಬಳಿ ನೆಲದ ಮೇಲೆ ಅಂಜನ್ ಮುದುಡಿ ಬಿದ್ದಿದ್ದ.

ಹಾಲೇಶಪ್ಪ ಹೊರಬಂದು ಟಿ.ವಿ. ನೋಡಿದವನೇ ಖುಷಿಯಿಂದ ಕೂಗಿದ: "ಸಾರ್, ಈಗ ಭಾಳ ಚೆನ್ನಾಗಿ ಕಾಣ್ತಿದೀರಿ! ಲಾಠೀನೂ ಕಾಣ್ತೈತೆ!"

ಲಾಠಿ ಬೀರುವಿನ ಹಿಂದೆ ಮಾಯವಾಯಿತು. ಅಂಜನ್ ಕುರ್ಚಿಗೇರಿದ. ಚಹಾ ಬಂತು. ಬಾತುಕೊಂಡ ಅವನ ಬೆರಳು ಮಡಚಲೇ ಇಲ್ಲ. ಶಶಿಕಾಂತರು ಕ್ಯಾಮೆರಾದ ಕಡೆ ಮುಗುಳ್ನಕ್ಕು ತಾವೇ ಲೋಟ ಹಿಡಿದು ಕುಡಿಸಿದರು.

"ನೋಡವ್ವಾ, ನಮ್ ಸಾಹೇಬ್ರು ಹೆತ್ತ ತಾಯಿ ಹಂಗೆ ಕುಡಿಸ್ತಾರೆ."

"ಕುಡಿಸ್ಲೇಬೇಕಲ್ಲಣ್ಣಾ" ಎಂದಳು ಯರ್ರಮ್ಮ. "ನಿನ್ನೆ ಮೂಟೆ ಎತ್ತಿದ ಕೈ, ಇವತ್ತು ಲೋಟ ಎತ್ತಾಕಾಗ್ತಿಲ್ಲ."

ಹಾಲೇಶಪ್ಪ ಇನ್ನೊಮ್ಮೆ ಟಿ.ವಿ. ನೋಡಿದ. ಈ ಸಲ ಅವನ ಕಣ್ಣು ಅಂಜನ್‌ನ ಬೆರಳುಗಳ ಮೇಲೆ ನಿಂತಿತು.

ಒಳಗಿನಿಂದ ಶಶಿಕಾಂತರ ದನಿ ಬಂತು: "ಹಾಲೇಶಪ್ಪಾ, ವಿಭೂತಿ ತಗೊಂಬಾರಯ್ಯಾ!"

ಹಾಲೇಶಪ್ಪ ಮೇಜಿನ ಮೇಲಿದ್ದ ವಿಭೂತಿ ಗಟ್ಟಿಯನ್ನು ಜೇಬಿಗಿಳಿಸಿದ.

"ಖಾಲಿ ಆಗೈತೆ ಸಾರ್" ಎಂದು ಕೂಗಿ, ಯರ್ರಮ್ಮನ ಕಡೆ ಬಾಗಿದ. "ವಕೀಲರ ಆಫೀಸು ಕೋರ್ಟಿನ ಹಿಂದೈತೆ. ಓಡವ್ವಾ."