ರವಿಯ ಖಾಲಿ ಜಾಗ

ಮೆಟ್ಟಿಲ ತಿರುವಿನಲ್ಲಿ ಚಟ್ಟ ಗೋಡೆಗೆ ತಾಗಿ ನಿಂತಿತು. ಕೆಳಮನೆಯ ಬಂಗಾಳಿ ಗಂಡಸರು ಕಾಲಿನ ಕಡೆ ಎತ್ತಿ ಹಿಡಿದರು, ಮಧ್ವರಾಜರ ಅಣ್ಣನ ಮಗ ದೇವೇಂದ್ರ ತಲೆಯ ಕಡೆ ತಗ್ಗಿಸಿದ. ಅವರನ್ನು ಹಾಗೆ ಓರೆಯಾಗಿಯೇ ಇಳಿಸಿ, ಲೇಕ್ ಗಾರ್ಡನ್ಸಿನ ಓಣಿಯಲ್ಲಿ ನಿಂತಿದ್ದ ಗಾಡಿಗೆ ಏರಿಸಿದರು.

ಹಿಂದೆಯೇ ಹೆಂಡತಿ ರಾಜೀವಿ, ಮಗಳು ವೈಷ್ಣವಿ ಹತ್ತಿ ಕುಳಿತರು. ಹೆಂಗಸರು ಸ್ಮಶಾನಕ್ಕೆ ಬರುವ ಪದ್ಧತಿ ನಮ್ಮಲ್ಲಿಲ್ಲವೆಂದು ದೇವೇಂದ್ರ ಮೆತ್ತಗೆ ಹೇಳಿ ನೋಡಿದ. ರಾಜೀವಿ ಕದಲಲಿಲ್ಲ.

ಮಧ್ವರಾಜ ಅಲಿಪುರದ ಸರ್ಕಾರಿ ಕಚೇರಿಯೊಂದರ ಕಂಪ್ಯೂಟರ್ ವಿಭಾಗದಲ್ಲಿದ್ದವರು. ಹಿಂದಿನ ದಿನ ಬಸ್ಸಿಗೆ ಕಾಯುತ್ತಿದ್ದಾಗ ಎದೆ ಹಿಡಿದುಕೊಂಡು ಕುಸಿದಿದ್ದರು. ಕಂಪ್ಯೂಟರ್ ಕೆಟ್ಟು ಇಡೀ ಕಚೇರಿಯ ಕೆಲಸ ನಿಂತ ದಿನವೂ ಮಧ್ವರಾಜ ದಾದಾ ದನಿ ಏರಿಸಿದ್ದನ್ನು ಕಂಡಿಲ್ಲವೆಂದು ಸಹೋದ್ಯೋಗಿಯೊಬ್ಬರು ಹಿಂದಿಯಲ್ಲಿ ಹೇಳಿ ಕಣ್ಣೊರೆಸಿಕೊಂಡರು.

ಅಂತ್ಯಕರ್ಮ ಮಾಡುವವರು ಯಾರೆಂದು ಗಾಡಿಯಲ್ಲಿದ್ದ ಪುರೋಹಿತ ಭಟ್ಟರು ವಿಚಾರಿಸಿದರು.

"ರವಿ ಇದ್ದಿದ್ರೆ ಅವನೇ ಮಾಡ್ತಿದ್ದ," ಎಂದ ದೇವೇಂದ್ರ. "ನಾನು ಇದ್ದೇನಲ್ಲ, ಚಿಕ್ಕಮ್ಮ."

ರಾಜೀವಿ ಸರಿಯೆಂದು ತಲೆಯಾಡಿಸಿದರು. ವೈಷ್ಣವಿ ಕಿಟಕಿಯ ಕಡೆ ಮುಖ ತಿರುಗಿಸಿದಳು.

*

ಮಗ ರವಿರಾಜ ವರ್ಷಗಳ ಹಿಂದೆ, ಕಾಲೇಜಿನಲ್ಲಿದ್ದಾಗಲೇ ಡೆಂಗಿ ಜ್ವರದಲ್ಲಿ ತೀರಿಹೋದ. ಅವನ ಕೋಣೆಯನ್ನು ರಾಜೀವಿ ಯಾರಿಗೂ ಮುಟ್ಟಲು ಬಿಡಲಿಲ್ಲ. ಅವನ ಮಂಚಕ್ಕೆ ವಾರವಾರ ಹೊಸ ಹಾಸು. ಅವನ ತಂಗಿ ವೈಷ್ಣವಿ ಮಾತ್ರ ನಡುಮನೆಯಲ್ಲಿ ಚಾಪೆಯ ಮೇಲೆ.

ಮನೆಯಲ್ಲಿದ್ದದ್ದು ಒಂದೇ ಕಂಪ್ಯೂಟರ್. ರವಿ ಇದ್ದಾಗಲೇ ಮಧ್ವರಾಜ ಅದಕ್ಕೆ ಲಿನಕ್ಸ್ ಹಾಕಿ, ಡಿಸ್ಕನ್ನು ಭಾಗ ಮಾಡಿ, ಒಬ್ಬೊಬ್ಬರಿಗೆ ಒಂದು ಪಾರ್ಟಿಷನ್ ಕೊಟ್ಟಿದ್ದರು. ಆರ್ಕಿಟೆಕ್ಚರ್ ಓದುತ್ತಿದ್ದ ವೈಷ್ಣವಿಯದು ನಕ್ಷೆಗಳಿಂದ ತುಂಬಿತು. ಮಧ್ವರಾಜ ತಮ್ಮದನ್ನು ಕಿರಿದು ಮಾಡಿ ಅವಳಿಗೆ ಕೊಟ್ಟರು. ಅದೂ ಸಾಲಲಿಲ್ಲ. ರವಿಯದು ಮುಕ್ಕಾಲು ಪಾಲು ಖಾಲಿಯಿತ್ತು.

"ಅವನದ್ದು ಮುಟ್ಬೇಡಿ," ಎಂದರು ರಾಜೀವಿ.

"ಅವನದ್ದು ಎಂತದೂ ಹೋಗೂದಿಲ್ಲ. ಖಾಲಿ ಇದ್ದದ್ದು ಮಾತ್ರ ತೆಗೆಯೂದು." ಮಧ್ವರಾಜ ಹೆಂಡತಿಯ ಕಡೆ ತಿರುಗಿದರು: "ಇವಳೂ ನಮ್ಮ ಮಗಳೇ ಅಲ್ವಾ, ರಾಜೀವಿ?"

ಭಾನುವಾರ ಹೆಂಡತಿಯನ್ನು ಪಕ್ಕದಲ್ಲೇ ಕೂರಿಸಿಕೊಂಡರು. ಮೊದಲು ರವಿಯದನ್ನೆಲ್ಲ ಸಿಡಿಗಳಿಗೆ ನಕಲು ಮಾಡಿ, ಒಂದೊಂದನ್ನೂ ತೆರೆದು ತೋರಿಸಿದರು. ಒಳಗೆ ಫೈಲುಗಳನ್ನು ಜೋಡಿಸಿಡುವ ಫೈಲ್ ಸಿಸ್ಟಂ ಮೊದಲು ಕುಗ್ಗಬೇಕು, ಪಾರ್ಟಿಷನ್ನಿನ ಗಡಿ ಸರಿಸುವುದು ಆಮೇಲೆ. ಹಿಂದುಮುಂದಾದರೆ ಅವನ ಫೈಲುಗಳೇ ತುಂಡಾಗುತ್ತವೆ ಎಂದು ವಿವರಿಸಿದರು. ನಡುವೆ ಲೋಡ್‌ಶೆಡ್ಡಿಂಗ್ ಆಗಿ ಫ್ಯಾನು ನಿಂತಿತು. ಯುಪಿಎಸ್ ಕೀಂಗುಟ್ಟತೊಡಗಿತು; ಅದರ ಬ್ಯಾಟರಿ ಮುಗಿಯುವ ಮೊದಲು ಎಲ್ಲ ಆಗಬೇಕಿತ್ತು. ಮಧ್ವರಾಜ ಕೀಲಿಮಣೆಯಿಂದ ಕೈ ತೆಗೆದು, ಮಗು ಮಲಗಿದ ಕೋಣೆಯಲ್ಲಿರುವವರ ಹಾಗೆ ಉಸಿರು ಬಿಗಿಹಿಡಿದು ಕುಳಿತರು. ಅವರ ಮುಖದ ಬೆವರು ನೋಡಿದಾಗಲೇ ರಾಜೀವಿಗೆ ತಿಳಿದದ್ದು, ಆ ಮಗನನ್ನು ಕಾಯುತ್ತಿದ್ದವಳು ತಾನೊಬ್ಬಳೇ ಅಲ್ಲವೆಂದು.

ಕೆಲಸ ಮುಗಿಯಿತು. ರವಿಯ ಹಾಡೊಂದನ್ನು ಹಾಕಿದರು. ಅವನದೇ ದನಿ, ಕೊನೆಯಲ್ಲಿ ನಗು, ಎಲ್ಲ ಹಾಗೆಯೇ ಇತ್ತು. ವೈಷ್ಣವಿಯ ನಕ್ಷೆಗಳಿಗೆ ಜಾಗವಾಯಿತು.

ಮಂಚ ಮಾತ್ರ ಹಾಗೇ ಉಳಿಯಿತು. ಅದನ್ನು ಮಗಳಿಗೆ ಬಿಡೆಂದು ಮಧ್ವರಾಜ ಕೇಳಲಿಲ್ಲ.

*

ಕೇವರಾತಲಾ ಸ್ಮಶಾನದಲ್ಲಿ ಅವರ ಸರತಿ ಬಂತು. ನಲ್ಲಿಯಡಿ ಮಿಂದು ಬಂದ ದೇವೇಂದ್ರನ ಉಂಗುರಬೆರಳಿಗೆ ಭಟ್ಟರು ದರ್ಭೆಯ ಪವಿತ್ರ ತೊಡಿಸಿದರು.

"ದೇವೇಂದ್ರ, ಬೇಸರ ಮಾಡ್ಬೇಡ," ಎಂದರು ರಾಜೀವಿ. "ವೈಷ್ಣವಿ ಮಾಡ್ಲಿ."

ಶಾಸ್ತ್ರದಲ್ಲಿ ಹಾಗಿಲ್ಲ, ಗಂಡು ದಿಕ್ಕು ಇರುವಾಗ ಹೀಗೆ ಮಾಡಿದರೆ ಊರಲ್ಲಿ ಏನೆಂದಾರು ಎಂದು ಭಟ್ಟರು ಶುರುಮಾಡಿದರು. ರಾಜೀವಿ ಪೂರ್ತಿ ಕೇಳಿಸಿಕೊಂಡರು.

"ಅವರಿಗೆ ಮಗಳುಂಟು, ಭಟ್ರೆ."

ಭಟ್ಟರು ದೇವೇಂದ್ರನನ್ನು ನೋಡಿದರು. ಅವನು ಚಟ್ಟದ ಕಡೆಗೊಮ್ಮೆ ನೋಡಿ, ಬೆರಳಿನಿಂದ ಪವಿತ್ರ ತೆಗೆದು ಚಿಕ್ಕಮ್ಮನ ಅಂಗೈಗಿಟ್ಟ.

"ಮಂತ್ರ ಎಲ್ಲ ನನಗೆ ಬರಲ್ಲ, ಅಮ್ಮ," ಎಂದಳು ವೈಷ್ಣವಿ.

"ಭಟ್ರು ಹೇಳಿಕೊಡ್ತಾರೆ. ಕೈ ಕೊಡು."

ದಪ್ಪ ಬೆರಳಿಗೆ ಹೆಣೆದ ಪವಿತ್ರ ಅವಳ ಬೆರಳಲ್ಲಿ ನಿಲ್ಲಲಿಲ್ಲ, ಜಾರಿತು. ರಾಜೀವಿ ಅದರ ಗಂಟು ಬಿಚ್ಚಿದರು. ಒದ್ದೆ ದರ್ಭೆಯನ್ನು ಮಗಳ ಬೆರಳ ಸುತ್ತ ಮತ್ತೊಮ್ಮೆ ಹೊಸೆದು, ಹಲ್ಲು ಕಚ್ಚಿ, ಬಿಗಿಯಾಗಿ ಗಂಟು ಹಾಕತೊಡಗಿದರು.