ಮಧ್ವರಾಜರ ಮೋಟಾರ್ ಸೈಕಲ್ಲೂ ಗೋಪೀಚಂದನವೂ

ಮಧ್ವರಾಜರು ಯಾರನ್ನು ಕಂಡರೂ ಮೊದಲು ಮುಖ ನೋಡುತ್ತಿರಲಿಲ್ಲ, ಕಾಲು ನೋಡುತ್ತಿದ್ದರು. ಕತ್ತನ್ನು ಎಡಕ್ಕೆ ತುಸು ವಾಲಿಸಿ, ಬಂದವನ ಚಪ್ಪಲಿಗೆ ಏನು ಮೆತ್ತಿದೆ, ಹಿಮ್ಮಡಿ ಯಾವ ಮಗ್ಗುಲಿಗೆ ಸವೆದಿದೆ ಎಂಬುದನ್ನೆಲ್ಲ ಒಂದೇ ದೃಷ್ಟಿಯಲ್ಲಿ ಅಳೆದು, ಆ ಮೇಲೆಯೇ ಕಣ್ಣೆತ್ತಿ "ಏನಪ್ಪಾ, ಸೌಖ್ಯವಾ?" ಎನ್ನುತ್ತಿದ್ದರು. ಹೊಸಬರಿಗೆ ಇದು ಜಂಬವೆಂದು ತೋರಿದರೆ ಆಶ್ಚರ್ಯವಿಲ್ಲ. ಆದರೆ ಇಪ್ಪತ್ತೆರಡು ವರ್ಷಗಳಿಂದ ಮದರಾಸಿನ ಪ್ಯಾರೀಸ್ ಕಾರ್ನರಿನ ಒಂದು ವಿಮಾ ಕಚೇರಿಯಲ್ಲಿ, ಸುಟ್ಟುಹೋದ ಗೋದಾಮುಗಳ ಬೂದಿ ಕೆದಕಿ ಬೆಂಕಿ ಮೊದಲು ಹೊತ್ತಿದ್ದೆಲ್ಲಿ ಎಂದು ಪತ್ತೆಹಚ್ಚುವುದನ್ನೇ ಉದ್ಯೋಗವಾಗಿ ಮಾಡಿಕೊಂಡವರು ಅವರು. ಅಂಥ ಮನುಷ್ಯನ ಕಣ್ಣು ಕೆಳಗಿನಿಂದ ಮೇಲಕ್ಕೆ ಹೋಗದೆ ಇನ್ನು ಹೇಗೆ ಹೋದೀತು?

"ಮೊದಲು ಮೂಲ ತೋರ್ಸು, ಆಮೇಲೆ ಮಾತಾಡು" ಎಂಬುದು ಅವರ ಬಾಯಲ್ಲಿ ಸದಾ ಇರುತ್ತಿದ್ದ ಮಾತು. ಮಗಳಿಗೆ ಜ್ವರ ಬಂದರೂ ಅದೇ, ಸಾರಿಗೆ ಉಪ್ಪು ಹೆಚ್ಚಾದರೂ ಅದೇ. ಮದರಾಸಿನ ಕತ್ತರಿ ಬಿಸಿಲಿನಲ್ಲಿ ಕಾಗೆಗಳು ಕೂಡ ಬಾಯಿ ತೆರೆದುಕೊಂಡು ಕೂತಿರುವಾಗ ಈ ಮಹಾನುಭಾವರು ಕಂದುಬಣ್ಣದ ದಪ್ಪ ಡ್ರಿಲ್ ಕೋಟನ್ನು ತೊಟ್ಟು, ಅದರ ಒಳಜೇಬಿನಲ್ಲಿ ಭೂತಗನ್ನಡಿಯನ್ನೂ ಹೊರಜೇಬಿನಲ್ಲಿ ಸ್ಪ್ಯಾನರನ್ನೂ ಇಟ್ಟುಕೊಂಡು ಓಡಾಡುತ್ತಿದ್ದರು. ಮುತ್ತಜ್ಜನ ಕಾಲಕ್ಕೇ ಮದರಾಸಿಗೆ ಬಂದು ನಿಂತ ಮಾಧ್ವ ಮನೆತನ ಅವರದು. ಮನೆಯೊಳಗಿನ ಕನ್ನಡಕ್ಕೆ ಬೀದಿಯ ತಮಿಳು ಎಷ್ಟು ಬೆರೆತಿತ್ತೆಂದರೆ, ಬೆಂಗಳೂರಿನಿಂದ ಬಂದ ನೆಂಟರು ಅರ್ಧ ತಲೆಯಾಡಿಸಿ ಅರ್ಧ ನಗುತ್ತಿದ್ದರು.

ಅವರ ಮೋಟಾರ್ ಸೈಕಲ್ಲು ಅವರಿಗಿಂತ ಹೆಚ್ಚು ಲೋಕ ಕಂಡಿದ್ದು. ಯುದ್ಧಕಾಲದಲ್ಲಿ ಸೈನ್ಯಕ್ಕೆಂದು ಬಂದು, ಹರಾಜಿನಲ್ಲಿ ನಾಲ್ಕು ಕೈ ದಾಟಿ ಇವರ ಮಾಧವರಂ ಮನೆಯ ಅಂಗಳಕ್ಕೆ ಬಂದು ನೆಲೆನಿಂತಿತ್ತು. ಬೆಳಗ್ಗೆ ಎಂಟಕ್ಕೆ ಅದರ ಹಿಂಬದಿಯಲ್ಲಿ ಹೆಂಡತಿ ರಮಾಬಾಯಿಯನ್ನು ಕೂರಿಸಿಕೊಂಡು ಹೊರಟು, ತಿರುವೊಟ್ಟಿಯೂರಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಆಕೆಯನ್ನು ಇಳಿಸಿ, ಕಾಸಿಮೇಡಿನ ಮೀನುವಾಸನೆಗೆ ಮೂಗಿನ ಮೇಲೆ ಕರ್ಚೀಫು ಕಟ್ಟಿಕೊಂಡು ಕಚೇರಿ ಸೇರುವುದು ಹದಿನಾಲ್ಕು ವರ್ಷದ ಪರಿಪಾಠ. ಒಂದೂವರೆ ಕೋಣೆಯ ಮನೆಯಲ್ಲಿ ತಾಯಿ ಜಾನಕಮ್ಮನವರ ಮಡಿ, ಮೂರು ಮಕ್ಕಳ ಗಲಾಟೆ, ಬಂದುಹೋಗುವ ನೆಂಟರು. ಗಂಡ ಹೆಂಡತಿ ಇಬ್ಬರೇ ಮಾತಾಡಿಕೊಳ್ಳಲು ಸಿಗುತ್ತಿದ್ದದ್ದು ಆ ಅರ್ಧ ಗಂಟೆ ಮಾತ್ರ. ಇಂಜಿನ್ನಿನ ಡಬಡಬ ಸದ್ದಿನಲ್ಲಿ ಆಕೆ ಅವರ ಕಿವಿಯ ಬಳಿ ಕೂಗಿ ಹೇಳುವುದು, ಅವರು ಅರ್ಧ ಕತ್ತು ತಿರುಗಿಸಿ ಕೂಗಿ ಉತ್ತರಿಸುವುದು. ಸಂಸಾರದ ಗುಟ್ಟುಗಳೆಲ್ಲ ಹೀಗೆ ರಸ್ತೆಯುದ್ದಕ್ಕೂ ಘೋಷಣೆಯಾಗುತ್ತಿದ್ದವು, ಕೇಳಿದವರಿಗೆ ಕನ್ನಡ ಬಾರದ್ದು ಪುಣ್ಯ.

ಎಪ್ಪತ್ತೆಂಟರ ಬೇಸಿಗೆ ಕಳೆಯುವ ಹೊತ್ತಿಗೆ ಆ ಇಂಜಿನ್ನು ಆಯಿಲ್ ಸೋರತೊಡಗಿತು. ಮೊದಲು ಹನಿ, ಆಮೇಲೆ ಧಾರೆ. ರಮಾಬಾಯಿಯ ಎರಡು ಸೀರೆಗಳ ಅಂಚು ಹಾಳಾಯಿತು. ಮೂರನೆಯದು, ಶಾಲೆಯ ವಾರ್ಷಿಕೋತ್ಸವಕ್ಕೆಂದು ಉಟ್ಟಿದ್ದ ಹಸಿರು ಸುಂಗುಡಿ ಸೀರೆ, ಮೊಣಕಾಲಿನವರೆಗೂ ಕರ್ರಗಾಗಿ, ಮಕ್ಕಳ ಮುಂದೆ ಸೆರಗು ಇಳಿಬಿಟ್ಟು ಮುಚ್ಚಿಕೊಂಡು ನಿಲ್ಲಬೇಕಾಯಿತು.

"ನೋಡ್ರೀ, ಇನ್ನೊಂದು ವಾರ ಟೈಂ ಕೊಡ್ತೀನಿ. ಸೋಮವಾರಕ್ಕೆ ಸರಿಹೋಗ್ಲಿಲ್ವೋ, ನಾನು ಬಸ್ಸು, ನೀವು ನಿಮ್ಮ ವಂಡಿ. ಮುಗೀತು" ಎಂದರು ರಮಾಬಾಯಿ. ಆಕೆ ಲೆಕ್ಕದ ಟೀಚರು. ಮಾತಿಗೆ ಮಾತು ಕೂಡಿಸುವವರಲ್ಲ.

ಸಲಹೆ ಕೊಡುವವರಿಗೆ ಬರವೇ? ಕಾಲೊನಿಯ ಕಿಟ್ಟು, ಸಂದುಗಳ ಮೇಲೆಲ್ಲ ಅಂಟು ಬಳಿದುಬಿಡಿ ಎಂದ. ಕಾಸಿಮೇಡಿನಲ್ಲಿ ಮೀನುದೋಣಿಗಳ ಇಂಜಿನ್ ರಿಪೇರಿ ಮಾಡುವ, ಇವರ ಗಾಡಿಯನ್ನೂ ಆಗಾಗ ನೋಡುತ್ತಿದ್ದ ಏಳುಮಲೈ, "ಎಲ್ಲಾತ್ತೆಯೂ ಕಳಟ್ಟಣುಂ ಸಾಮಿ" ಎಂದ. ಎಲ್ಲ ಬಿಚ್ಚಬೇಕು, ಹಳೇ ಮಾಡೆಲ್ಲಾದ್ದರಿಂದ ಸಾಮಾನು ಸಿಗಲು ತಿಂಗಳಾದೀತು ಎಂದೂ ಸೇರಿಸಿದ. ತಿಂಗಳು ಗಾಡಿ ನಿಂತರೆ ರಮಾಬಾಯಿ ಬಸ್ಸಿಗೆ ಒಗ್ಗಿಹೋಗುತ್ತಾಳೆ. ಒಗ್ಗಿಹೋದವಳು ತಿರುಗಿ ಬಂದಾಳೆಯೇ? ಈ ಭಯವನ್ನು ಮಧ್ವರಾಜರು ಯಾರಿಗೂ ಹೇಳಲಿಲ್ಲ. ಆದರೆ ಅಂಟನ್ನೂ ಕೊಳ್ಳಲಿಲ್ಲ, ಬೋಲ್ಟನ್ನೂ ಮುಟ್ಟಲಿಲ್ಲ. "ಎಲ್ಲಿಂದ ಸೋರ್ತಿದೆ ಅಂತ ಗೊತ್ತಿಲ್ದೆ ಬಿಚ್ಚೋದು ಬೇರೆ ಅಲ್ಲ, ಕುರುಡು ಕೋಳಿ ಕೆದಕೋದು ಬೇರೆ ಅಲ್ಲ" ಎಂದು ಐದು ದಿನ ಸುಮ್ಮನೆ ಅದರ ಸುತ್ತ ಪ್ರದಕ್ಷಿಣೆ ಹಾಕಿದರು. ರಮಾಬಾಯಿ ಶನಿವಾರ ಮಧ್ಯಾಹ್ನ ಹೋಗಿ ಬಸ್ಸಿನ ಪಾಸು ಮಾಡಿಸಿಕೊಂಡು ಬಂದರು.

ಭಾನುವಾರ ಬೆಳಗ್ಗೆ ಮಧ್ವರಾಜರು ಸ್ನಾನ, ಸಂಧ್ಯಾವಂದನೆ ಮುಗಿಸಿ, ಇಂಜಿನ್ನನ್ನು ಸೀಮೆಎಣ್ಣೆಯಲ್ಲಿ ತೊಳೆದು ಫಳಫಳ ಒರೆಸಿದರು. ಒಣಗಿದ ಲೋಹದ ಮೇಲೆ ಪುಡಿ ಬಳಿದರೆ ಎಣ್ಣೆ ಮೊದಲು ಎಲ್ಲಿ ಮೂಡುತ್ತದೋ ಅಲ್ಲಿ ಕಪ್ಪಾಗಬೇಕು. ಮುಖಕ್ಕೆ ಹಚ್ಚುವ ಪೌಡರು ಬಳಿದರೆ ಗಾಳಿಗೆ ಹಾರಿಹೋಯಿತು. ಒಂದು ಗಳಿಗೆ ಯೋಚಿಸಿದವರು ಒಳಗೆ ಹೋಗಿ, ದೇವರ ಮುಂದಿನ ಸಾಣೆಕಲ್ಲನ್ನೂ ಗೋಪೀಚಂದನದ ಗಟ್ಟಿಯನ್ನೂ ತಂದು, ನೀರು ಹಾಕಿ ತೇಯ್ದು, ತೆಳ್ಳಗಿನ ಗಂಧವನ್ನು ಇಂಜಿನ್ನಿನ ಸಂದುಸಂದಿಗೂ ಬೆರಳಿನಿಂದ ಹಚ್ಚತೊಡಗಿದರು.

ಜಾನಕಮ್ಮ ಹೊಸ್ತಿಲಲ್ಲಿ ಬೆರಗಾಗಿ ನಿಂತರು. "ಅಯ್ಯೋ ರಾಮ! ನಿನಗೆ ಹನ್ನೆರಡು ನಾಮ ಸಾಲದು ಅಂತ ಅದಕ್ಕೂ ಹಚ್ತಿದೀಯೇನೋ? ಏಕಾದಶಿ ಉಪವಾಸಾನೂ ಮಾಡ್ಸಿಬಿಡು, ಎಣ್ಣೆ ತಾನೇ ನಿಲ್ಲತ್ತೆ!"

"ಮಣ್ಣಮ್ಮಾ ಇದು. ಒಣಗಿದ್ರೆ ಹಿಡ್ಕೊಳ್ಳತ್ತೆ" ಎಂದು ತಾಯಿಗೆ ಶಾಂತವಾಗಿ ಉತ್ತರ ಕೊಟ್ಟು, ಒಣಗಿದ ಮೇಲೆ ಗಾಡಿ ಹತ್ತಿ ಕಾಸಿಮೇಡಿನ ಕಡೆ ಹೊರಟರು.

ಏಳುಮಲೈ ದೋಣಿಯ ಪಂಪೊಂದನ್ನು ಬಿಚ್ಚಿಕೊಂಡು ಕೂತಿದ್ದವನು, ಹಳದಿ ಬಳಿದ ಇಂಜಿನ್ನನ್ನು ಕಂಡು ಹೊಟ್ಟೆ ಹಿಡಿದುಕೊಂಡು ನಕ್ಕ. "ಸಾಮಿ, ವಂಡಿಕ್ಕೇ ನಾಮಮಾ!" ಗಾಡಿಗೇ ನಾಮವೇ! ಮಧ್ವರಾಜರು ನಗಲಿಲ್ಲ. ಭೂತಗನ್ನಡಿ ಹಿಡಿದು ಕುಕ್ಕರುಗಾಲಲ್ಲಿ ಕೂತವರ ಮುಖ ಬಿಳಿಚಿಕೊಂಡಿತ್ತು. ಗೋಪೀಚಂದನ ಒಂದೆಡೆ ಕಪ್ಪಾಗಿರಲಿಲ್ಲ. ಮೇಲೆ, ಮಗ್ಗುಲಲ್ಲಿ, ಕೆಳಗೆ, ಮೂರು ಸಂದುಗಳಲ್ಲೂ ಒಂದೇ ಸಮನಾಗಿ ಕಪ್ಪುಗಟ್ಟಿತ್ತು. ಗೋದಾಮೊಂದರಲ್ಲಿ ಬೆಂಕಿ ಏಕಕಾಲಕ್ಕೆ ಮೂರು ಮೂಲೆಯಲ್ಲಿ ಹೊತ್ತಿದ್ದರೆ ಅದು ಆಕಸ್ಮಿಕವಲ್ಲ, ಯಾರೋ ಹಚ್ಚಿದ್ದು ಎಂಬುದು ಅವರ ವೃತ್ತಿಯ ಮೊದಲ ಪಾಠ.

ಅಷ್ಟರಲ್ಲಿ ಏಳುಮಲೈಯೂ ನಗು ನಿಲ್ಲಿಸಿದ್ದ. ಇಂಜಿನ್ನು ಓಡುತ್ತಿರುವಾಗಲೇ ಅದರ ಹಿಂಬದಿಯ ಸಣ್ಣ ಕೊಳವೆಯ ಬಾಯಿಗೆ ಬೆರಳಿಟ್ಟು ನೋಡಿದ. ಒಳಗಿನ ಬಿಸಿಗಾಳಿ ಹೊರಹೋಗಲೆಂದು ಇರುವ ಕೊಳವೆ ಅದು. "ಇದು ಮೂಚ್ಚೇ ವಿಡಲಿಯೇ ಸಾಮಿ" ಎಂದ, ಉಸಿರೇ ಬಿಡುತ್ತಿಲ್ಲವಲ್ಲ! ತಂತಿ ಹಾಕಿ ಮೀಟಿದರೆ ಟಾನಿಕ್ ಸೀಸೆಯ ರಬ್ಬರ್ ಬಿರಡೆಯೊಂದು, ಮೇಲೆ ಅಚ್ಚುಕಟ್ಟಾಗಿ ನೂಲು ಸುತ್ತಿದ್ದು, ಟಪ್ಪೆಂದು ಹಾರಿ ಬಿತ್ತು. "ಎಂದ ಬುದ್ಧಿಶಾಲಿ ವೇಲೆ ಇದು?" ಇದು ಯಾವ ಬುದ್ಧಿವಂತನ ಕೆಲಸ ಎಂದು ಏಳುಮಲೈ ಕೇಳಿದ.

ಆ ಬುದ್ಧಿಶಾಲಿ ಎದುರಿಗೇ ಕೂತಿದ್ದರು. ಎರಡು ವರ್ಷದ ಹಿಂದೆ ಆ ಕೊಳವೆಯಿಂದ ಆಗೊಂದು ಈಗೊಂದು ಹನಿ ಅಂಗಳಕ್ಕೆ ಬಿದ್ದು, ಜಾನಕಮ್ಮ ತುಳಸಿಯ ಮುಂದೆ ಹಾಕಿದ ರಂಗೋಲಿ ಕೆಟ್ಟು ರಾದ್ಧಾಂತವಾಗಿತ್ತು. ಅದಕ್ಕೆ ಮಧ್ವರಾಜರು ತಾವೇ ಬಿರಡೆ ಹುಡುಕಿ, ನೂಲು ಸುತ್ತಿ, ಬಿಗಿಯಾಗಿ ತುರುಕಿ, "ನೋಡಮ್ಮಾ, ಇನ್ನು ಒಂದು ಹನಿ ಬಿದ್ರೆ ಕೇಳು" ಎಂದು ಹೆಮ್ಮೆಯಿಂದ ಹೇಳಿಕೊಂಡಿದ್ದರು. ಹೊರಹೋಗಲು ದಾರಿಯಿಲ್ಲದ ಗಾಳಿ ಎರಡು ವರ್ಷ ಒಳಗೇ ಒತ್ತಿ ಒತ್ತಿ, ಕೊನೆಗೆ ಎಣ್ಣೆಯನ್ನು ಸಿಕ್ಕ ಸಿಕ್ಕ ಸಂದಿನಿಂದ ಹೊರದಬ್ಬಿತ್ತು, ಅಷ್ಟೇ.

ಇಂಜಿನ್ನು ಬಿಚ್ಚುವ ಮಾತು ಅಲ್ಲಿಗೆ ಬಿತ್ತು. ಕೊಳವೆಗೆ ಉದ್ದನೆಯ ರಬ್ಬರ್ ಟ್ಯೂಬು ಸಿಕ್ಕಿಸಿ ಹಿಂದಿನ ಚೈನಿನ ಕಡೆ ತಿರುಗಿಸುವುದು, ಒತ್ತಡಕ್ಕೆ ಹರಿದ ಒಂದೇ ಒಂದು ಗ್ಯಾಸ್ಕೆಟ್ಟಿನ ಬದಲು ಏಳುಮಲೈ ಬಳಿಯಿದ್ದ ಹಾಳೆಯಿಂದ ಹೊಸದನ್ನು ಕತ್ತರಿಸಿ ಹಾಕುವುದು, ಉಳಿದದ್ದನ್ನು ಮುಟ್ಟದಿರುವುದು ಎಂದು ಮಧ್ವರಾಜರು ತೀರ್ಮಾನಿಸಿದರು. ಮಧ್ಯಾಹ್ನದೊಳಗೆ ಕೆಲಸ ಮುಗಿಯಿತು. ಜೇಬಿನಲ್ಲಿ ತಂದಿದ್ದ ಗೋಪೀಚಂದನವನ್ನು ಮತ್ತೆ ಬಳಿದು ತಿರುವೊಟ್ಟಿಯೂರಿನವರೆಗೆ ಓಡಿಸಿ ತಂದರೆ ಬಳಿದ ಬಣ್ಣ ಬಳಿದ ಹಾಗೇ ಇತ್ತು. ಏಳುಮಲೈ ಬಿರಡೆಯನ್ನು ಕಡಲಿಗೆಸೆಯಲು ಕೈಯೆತ್ತಿ, ಗ್ಯಾಸ್ಕೆಟ್ ಹೋಗಿತ್ತೆಂದು ಅಮ್ಮನವರಿಗೆ ಹೇಳಿದರಾಯಿತು, ಯಾರಿಗೆ ಗೊತ್ತಾಗುತ್ತದೆ ಎಂದ. ಪ್ರೀತಿಯಿಂದಲೇ ಹೇಳಿದ. ಮಧ್ವರಾಜರು ಅವನ ಕೈ ಹಿಡಿದು ನಿಲ್ಲಿಸಿ, ಬಿರಡೆಯನ್ನು ತೆಗೆದುಕೊಂಡು ಕೋಟಿನ ಜೇಬಿಗೆ ಹಾಕಿಕೊಂಡರು.

ಮನೆಗೆ ಬಂದವರೇ ಅದನ್ನು ಅಕ್ಕಿ ಆರಿಸುತ್ತಿದ್ದ ಹೆಂಡತಿಯ ಮೊರದ ಪಕ್ಕ ಇಟ್ಟರು. "ಇಂಜಿನ್ ತಪ್ಪಲ್ಲ ರಮಾ. ಇದನ್ನ ತುರುಕಿದ್ದು ನಾನೇ. ನಿನ್ನ ಮೂರು ಸೀರೆ ಹಾಳು ಮಾಡಿದ್ದೂ ನಾನೇ."

ಒಳಗಿನಿಂದ ಜಾನಕಮ್ಮನ ದನಿ ಬಂತು: "ನನ್ನ ರಂಗೋಲಿಗೋಸ್ಕರ ಅಲ್ವೇನೋ ಮಾಡಿದ್ದು?"

"ನೀನು ಕಲೆ ಬೇಡ ಅಂದೆ ಅಮ್ಮಾ. ಬಿರಡೆ ಹೊಡಿ ಅಂದಿರ್ಲಿಲ್ಲ."

ರಮಾಬಾಯಿ ಬಿರಡೆಯನ್ನೆತ್ತಿ, ಅದಕ್ಕೆ ಸುತ್ತಿದ್ದ ನೂಲನ್ನು ತಿರುಗಿಸಿ ನೋಡಿದರು. ಆಮೇಲೆ, "ಸೀರೆ ಹೋದ್ರೆ ಹೋಗ್ಲಿ. ನಿನ್ನೆ ಪಾಸು ತಗೊಂಡ್ಮೇಲೆ ನಂಗೆ ಅಳು ಬಂತು, ಗೊತ್ತಾ? ಇನ್ನು ನಿಮ್ಮ ಹತ್ರ ಮಾತಾಡೋದು ಯಾವಾಗ ಅಂತ" ಎಂದರು. ಹಿಂದೆಯೇ ದನಿ ಗಟ್ಟಿಯಾಯಿತು: "ನಾಳೆ ಎಂಟಕ್ಕೆ ರೆಡಿ ಇರ್ರೀ. ಲೇಟ್ ಮಾಡ್ಬೇಡಿ."

ಸೋಮವಾರ ಆಕೆ ಉಟ್ಟದ್ದು ಹಳೆಯ ಸೀರೆಯಲ್ಲ. ಮಗಳ ನಾಮಕರಣಕ್ಕೆ ತೆಗೆದ ಕೆನೆಬಣ್ಣದ ರೇಷ್ಮೆಯನ್ನುಟ್ಟು, ಜಾನಕಮ್ಮ ಬಾಯಿಬಿಟ್ಟು ನೋಡುತ್ತಿರುವಂತೆಯೇ ಹಿಂಬದಿಯಲ್ಲಿ ಕೂತರು. ಒಮ್ಮೆಯೂ ಬಗ್ಗಿ ಇಂಜಿನ್ನಿನ ಕಡೆ ನೋಡಲಿಲ್ಲ.

ಇಂಥ ಮನುಷ್ಯರ ಜೊತೆ ಸಂಸಾರ ಮಾಡುವುದು ಸುಲಭವೆಂದು ನಾನು ಹೇಳಲಾರೆ. ಅವರ ನಿಧಾನ ಮೈ ಪರಚಿಕೊಳ್ಳುವಂತೆ ಮಾಡುತ್ತದೆ, ಅವರ ತಪಾಸಣೆಗೆ ದೇವರ ಚಂದನವೂ ಉಳಿಯುವುದಿಲ್ಲ, ಮತ್ತು ಅವರೂ ಎಲ್ಲರಂತೆಯೇ ತಪ್ಪುತ್ತಾರೆ, ಬಹಳ ಅಚ್ಚುಕಟ್ಟಾಗಿ ತಪ್ಪುತ್ತಾರೆ. ಆದರೆ ಲೋಕದ ತಪ್ಪಿಗೆ ಹಿಡಿದ ಗಾಜನ್ನು ತಮ್ಮ ಕೈಯತ್ತಲೂ ತಿರುಗಿಸಬಲ್ಲರು, ಕಂಡದ್ದನ್ನು ಹೆಂಡತಿಯ ಮುಂದೆ ತಂದು ಇಡಬಲ್ಲರು. ಎಂದೂ ತಪ್ಪದವನ ಹಿಂದೆ ಕೂರಲು ಧೈರ್ಯ ಬೇಕು. ತಪ್ಪನ್ನು ಮನೆಗೆ ತಂದು ಹೇಳುವವನ ಹಿಂದೆ ರೇಷ್ಮೆ ಸೀರೆಯುಟ್ಟು ಕೂರಬಹುದು.